ಪನೀರ್ ನೀರು ಚರಂಡಿಗೆ: ಬೇರೆ ಯೀಸ್ಟ್ ಹಾಕಿದ್ರೆ ಕಾಸಾಗುತ್ತಾ?

ಸ್ವೀಟ್ ಅಂಗಡಿಯವರಿಗೆ ಗೊತ್ತಿರೋದೇ: ಹತ್ತು ಲೀಟರ್ ಹಾಲು ಒಡೆಸಿ ಪನೀರ್ ಮಾಡಿದ್ರೆ ಸುಮಾರು ಎಂಟು ಲೀಟರ್ ನೀರೇ ಉಳಿಯುತ್ತೆ. ಅದನ್ನ ಚರಂಡಿಗೆ ಬಿಟ್ರೆ ನಾರೋದಷ್ಟೇ ಅಲ್ಲ, ಕೆರೆ ಸೇರಿ ನೀರಿನ ಆಮ್ಲಜನಕವನ್ನೂ ಕಡಿಮೆ ಮಾಡುತ್ತೆ.

ಈ ನೀರಲ್ಲಿ ಶೇ 4ರಿಂದ 5ರಷ್ಟು ಲ್ಯಾಕ್ಟೋಸ್, ಅಂದ್ರೆ ಹಾಲಿನ ಸಕ್ಕರೆ ಇದೆ. ಬೇಕರಿ ಯೀಸ್ಟ್ ಅದನ್ನ ಮುಟ್ಟಲ್ಲ. ಆದ್ರೆ ಕ್ಲೂವೆರೋಮೈಸಿಸ್ ಮಾರ್ಕ್ಸಿಯಾನಸ್ ಅನ್ನೋ ಯೀಸ್ಟ್ ಅದನ್ನ ತಿಂದು ಎಥೆನಾಲ್ ಮಾಡುತ್ತೆ. 40 ಡಿಗ್ರಿ ಬಿಸಿಯನ್ನೂ ತಡೆಯುತ್ತೆ. ಐರ್ಲೆಂಡ್‌ನ ಕಾರ್ಬೆರಿ ಡೇರಿ 1978ರಲ್ಲೇ ಚೀಸ್ ನೀರಿನಿಂದ ಎಥೆನಾಲ್ ತೆಗೆಯಲು ಶುರು ಮಾಡಿತ್ತು.

ಹಾಗಾದ್ರೆ ನಮ್ಮ ಪೇಟೆಯಲ್ಲಿ ಯಾಕೆ ಆಗಲ್ಲ? ಲೆಕ್ಕ ನೋಡಿ. 100 ಲೀಟರ್ ನೀರಿಗೆ ಹೆಚ್ಚಂದ್ರೆ ಮೂರು ಲೀಟರ್ ಎಥೆನಾಲ್. ಉಳಿದ 97 ಲೀಟರ್‌ನಿಂದ ಅದನ್ನ ಬೇರ್ಪಡಿಸೋಕೆ ಉರುವಲು ಬೇಕು, ಮೇಲೆ ಅಬಕಾರಿ ಪರವಾನಗಿ. ಒಂದೊಂದು ಅಂಗಡಿಗೆ ಇದು ಗಿಟ್ಟಲ್ಲ. ನೀರೆಲ್ಲ ಒಂದೇ ಕಡೆ ಸೇರೋ ದೊಡ್ಡ ಡೇರಿಗೆ ಮಾತ್ರ ದಾರಿ.

ಅಲ್ಲಿವರೆಗೆ ಅಂಗಡಿಯವರು ಮಾಡಬಹುದಾದದ್ದು ಒಂದೇ: ತಾಜಾ ಇರುವಾಗಲೇ ಹತ್ತಿರದ ಹೈನುಗಾರರಿಗೆ ಕೊಡಿ. ಮಿತಿಯಲ್ಲಿ ಕುಡಿಸಿದ್ರೆ ದನಕ್ಕೆ ಮೇವಾಗುತ್ತೆ. ಚರಂಡಿಗಿಂತ ಬಾನಿ ವಾಸಿ.