ಮಂಗಳ ಗ್ರಹಲ್ಲಿ ಕೆಡ್ಡಸ ಯಾವಾಗ?

ಚೌತಿ ದಿನ ಪಂಚಕಜ್ಜಾಯಕ್ಕೆ ಕಾಯಿ ಕೆರಕ್ಕೊಂಡು ಕೂದೊಂಡಿಪ್ಪಗ ತಮ್ಮನ ಪುಳ್ಳಿ ಬಂದು ಕೇಳಿದ°, "ಅಜ್ಜೀ, ಮಂಗಳ ಗ್ರಹಲ್ಲಿ ಜನ ಮನೆ ಕಟ್ಟಿರೆ ಅಲ್ಲಿ ಚೌತಿ ಯಾವಾಗ?" ಶಾಲೆಲಿ ಕತೆ ಬರವಲೆ ಹೇಳಿದ್ದವಡ.

"ಪಂಚಾಂಗ ನೋಡಿ ಮಾಡುದು" ಹೇಳಿದೆ.

"ಅಲ್ಲಿ ಚಂದ್ರ ಎರಡು ಇದ್ದು. ಚೌತಿಗೆ ಯಾವುದರ ನೋಡ್ಲಾಗದ್ದು?"

ಕೆರೆಮಣೆಂದ ಕೈ ತೆಗದೆ. ಮತ್ತೆ ಅವನೇ ವಿವರ ಕೊಟ್ಟ°. ಫೋಬೋಸ್ ಹೇಳುವ ಚಂದ್ರ ಒಂದು ಸುತ್ತು ಬಪ್ಪಲೆ ಎಂಟು ಗಂಟೆಯೂ ಬೇಡಡ. ಅದರ ಲೆಕ್ಕ ಹಿಡುದರೆ ದಿನಕ್ಕೆ ಹೆಚ್ಚು ಕಮ್ಮಿ ಆರು ಏಕಾದಶಿ! ಉಂಬದು ಯಾವಾಗ? ವರ್ಷ ಹೇಳಿರೆ ನಮ್ಮ 687 ದಿನ. ಬಿಸು ಕಣಿ ಹತ್ತರೆ ಹತ್ತರೆ ಎರಡು ವರ್ಷಕ್ಕೊಂದರಿ.

ನೆಗೆ ಬಂತು. ಆದರೆ ಎಲ್ಲಿಯೋ ಕುತ್ತಿತ್ತುದೆ. ಎನ್ನ ಮಗಳು ಮೆಲ್ಬರ್ನಿಲಿ ಇಪ್ಪದು. ಅಲ್ಲಿ ಬಿಸು ಬಪ್ಪಗ ಎಲೆ ಉದುರುವ ಕಾಲ. ದೀಪಾವಳಿಗೆ ಸೂರ್ಯ ಕಂತುವಗ ಎಂಟು ಗಂಟೆ ಹತ್ತರೆ ಆವುತ್ತು. ಎರಡು ವರ್ಷ ಹಿಂದೆ ಅದು ಚೌತಿಯ ಆದಿತ್ಯವಾರಕ್ಕೆ ಹಾಕಿತ್ತು ಹೇಳಿ ಆನು ಫೋನಿಲಿ ಬೈದೆ. "ದೇವರು ನಿನ್ನ ಆಪೀಸಿನ ರಜೆ ನೋಡಿ ಬತ್ತವಾ?" ಹೇಳಿದೆ. ಅಂದಿಂದ ಅದು ಹಬ್ಬದ ಸುದ್ದಿಯೇ ತೆಗೆತ್ತಿಲ್ಲೆ. ಮಾಡ್ತೋ, ಬಿಟ್ಟಿದೋ, ಗೊಂತಿಲ್ಲೆ. ತಿಥಿಯ ಒಳುಶುಲೆ ಹೋಗಿ ಮಗಳ ಮಾತಿನ ಕಳಕ್ಕೊಂಡೆ.

ಬಾಹ್ಯಾಕಾಶಕ್ಕೆ ಹೋದೋರಿಂಗೆ ಈ ಪ್ರಶ್ನೆ ಆಗಲೇ ಬಯಿಂದು. 2003ರಲ್ಲಿ ಇಸ್ರೇಲಿನ ಇಲಾನ್ ರಾಮೋನ್ ಹೋಪಗ, ಒಂದೂವರೆ ಗಂಟೆಗೊಂದರಿ ಸೂರ್ಯ ಮೂಡುವ ಜಾಗೆಲಿ ವಾರದ ಸಬ್ಬತ್ ಯಾವಾಗ ಹೇಳಿ ಕೇಳಿದವು. ಹೆರಟ ಊರಿನ ಗಡಿಯಾರ ನೋಡಿರೆ ಅಕ್ಕು ಹೇಳಿದವು ಅವರ ಗುರುಗೊ. 2007ರಲ್ಲಿ ಮಲೇಷ್ಯಾದ ಶೇಖ್ ಮುಸ್ಜಾಫರ್ ಹೋದ್ದು ರಂಜಾನ್ ತಿಂಗಳಿಲಿ. ನಮಾಜಿಂಗೆ ರಾಕೆಟ್ ಹಾರಿದ ಊರಿನ ಹೊತ್ತು, ಉಪವಾಸವ ತಿರುಗಿ ಬಂದ ಮೇಲೆಯೂ ಮಾಡ್ಲಕ್ಕು ಹೇಳಿ ಅಲ್ಲಿಯಾಣ ಹಿರಿಯೋರು ಬರದೇ ಕೊಟ್ಟವು. ಕೇಳಿದೋರಿಂಗೆ ದಾರಿ ತೋರ್ಸಿದವು.

ನಮ್ಮ ಪುತ್ತಿಗೆಲಿಯೂ ಹಾಂಗೇ ಅಲ್ಲದಾ? ಚೌಟ ಅರಸುಗೊ ಉಳ್ಳಾಲ ಹೊಡೆಂದ ಇಲ್ಲಿಗೆ ಬಂದು, ಮತ್ತೆ ಮೂಡುಬಿದಿರೆಗೆ ಹೋದವು. ಜೈನರಾದರೂ ಸೋಮನಾಥನ ನಂಬಿದೋರು. ಕಡಲಕರೆಯ ಹೊತ್ತುಗೊಂಡು ಬಪ್ಪಲೆ ಎಡಿಯ, ಆದರೆ ಪುತ್ತಿಗೆಲಿಯೂ ಸೋಮನಾಥ ಇದ್ದ°.

ಆದರೆ ಕೆಡ್ಡಸ? ಅದು ಗಡಿಯಾರಲ್ಲಿ ಇಪ್ಪದಲ್ಲ. ಮಕರ ತಿಂಗಳ ಅಕೇರಿಗೆ ಭೂಮಿದೇವಿ ಮುಟ್ಟಾವುತ್ತು ಹೇಳಿ ಮೂರು ದಿನ ಹಾರೆ ಹಾಕದ್ದೆ, ಅಕೇರಿಗೆ ಮಣ್ಣಿಂಗೆ ಎಣ್ಣೆ ಬಿಡುದು. ಅದು ಹೆರುವ ಮಣ್ಣಿಂಗೆ ಕೊಡುವ ಮರ್ಯಾದೆ. ಮಂಗಳದ ಮಣ್ಣಿಲಿ ಪರ್ಕ್ಲೋರೇಟ್ ಹೇಳುವ ವಿಷದ ಉಪ್ಪು ಇದ್ದು. 2008ರಲ್ಲಿ ಅಲ್ಲಿಗೆ ಇಳುದ ಫೀನಿಕ್ಸ್ ನೌಕೆ ಕಂಡುಹಿಡುದ್ದು. ಆ ಮಣ್ಣಿನ ತೊಳದು ಹದ ಮಾಡಿ, ಮೊದಲ ಬಸಳೆ ಕುಡಿ ಎದ್ದ ದಿನವೇ ಅಲ್ಲಿಯಾಣೋರ ಹಬ್ಬ. ಅದಕ್ಕೆ ನಮ್ಮ ಪಂಚಾಂಗಲ್ಲಿ ತಿಥಿ ಇರ.

ಹಾಂಗಾಗಿ ಎನಗೆ ಕಾಂಬದು ಇಷ್ಟು: ತಿಥಿಯ ಹಬ್ಬವ ಊರಿಂದ ತೆಕ್ಕೊಂಡು ಹೋಪಲಕ್ಕು, ಒಂದೆರಡು ದಿನ ಆಚೀಚೆ ಆದರೆ ದೇವರು ಕೋಪ ಮಾಡವು. ಮಣ್ಣಿನ ಹಬ್ಬವ ಆ ಮಣ್ಣಿಲಿಯೇ ಹೊಸತ್ತಾಗಿ ಹುಟ್ಟುಸೆಕ್ಕು. ಇಲ್ಲಿ ಕೂದೊಂಡು ಎರಡಕ್ಕೂ ಕೋಲು ಹಿಡಿವದು ನಮ್ಮ ಕೆಲಸ ಅಲ್ಲ.

"ಹಾಂಗಾರೆ ನೇಮ ಬೇಡದಾ ಅಕ್ಕಾ?" ಹೇಳಿ ನಿಂಗೊ ಕೇಳುಗು. ಬೇಕು. ಊರಿಲಿಪ್ಪ ನಾವು ತಿಥಿ ಬಿಡ್ಲಾಗ. ದೂರಲ್ಲಿಪ್ಪೋರು ಊರಿನ ಗಡಿಯಾರ ನೋಡೆಕ್ಕಾರೆ ಊರಿಲಿ ಗಡಿಯಾರ ನೆಡೆತ್ತಾ ಇರೆಕ್ಕನ್ನೆ.

ಆ ಇರುಳು ಮಗಳಿಂಗೆ ಫೋನು ಮಾಡಿದೆ. ತಿಥಿ ಕೇಳಿದ್ದಿಲ್ಲೆ. "ನಿನ್ನ ಜಾಲಿಲಿ ಎಂತ ಚಿಗುರಿದ್ದು?" ಕೇಳಿದೆ. ರಜ್ಜ ಹೊತ್ತು ಮಾತಿಲ್ಲೆ. ಮತ್ತೆ ಹೇಳಿತ್ತು, "ಆದಿತ್ಯವಾರ ಕಡುಬು ಮಾಡ್ತೆ ಅಬ್ಬೆ. ಬಾಳೆಲೆ ಇಲ್ಲೆ, ಗಿಣ್ಣಾಲಿಲಿ ಬೇಶುತ್ತೆ. ಅಕ್ಕಾ?"

"ಅಕ್ಕು" ಹೇಳಿದೆ.