ಮೊದಲ ದಿನದ ಸಾಕ್ಷಿ ಸಾಕು, ನಲ್ವತ್ತನೇ ವರ್ಷದ್ದು ಹೇಳ್ರಿ

1/6
ಬೀದರ್, ಭಾಲ್ಕಿ, ಔರಾದ್‌ನ ಪ್ರಿಯ ದೇವಜನರೇ, ಇವತ್ತಿನ ಮಾತು ಸ್ವಲ್ಪ ಖಾರ ಐತಿ. ಪೂರ್ತಿ ಓದ್ರಿ, ಆಮೇಲೆ ಸಿಟ್ಟಾಗ್ರಿ.

ನಮ್ಮ ಕೂಟಗಳಲ್ಲಿ ಸಾಕ್ಷಿಗೆ ಮೈಕ್ ಕೊಟ್ಟರೆ ಏನು ಕೇಳಿಸುತ್ತದೆ? "ಇಂಥ ವರ್ಷ, ಇಂಥ ಕೂಟದಲ್ಲಿ ಕರ್ತನು ನನ್ನನ್ನು ಮುಟ್ಟಿದನು." ಸ್ತೋತ್ರ, ಚಪ್ಪಾಳೆ, ಮುಗೀತು. ಆಮೇಲಿನ ಹದಿನೈದು ವರ್ಷ ಏನಾಯ್ತು? ಯಾರೂ ಕೇಳಲ್ಲ, ಯಾರೂ ಹೇಳಲ್ಲ. ಮದುವೆ ದಿನದ ಫೋಟೊ ತೋರಿಸಿ "ಸಂಸಾರ ಚಲೋ ನಡದೈತಿ" ಅಂದ ಹಾಗಾಯ್ತು.

2/6
ಬೈಬಲ್ ಹಾಗೆ ಲೆಕ್ಕ ಹಾಕಲ್ಲ. ದೇಮನನ್ನು ನೋಡಿ. ಪೌಲನ ಪತ್ರಗಳಲ್ಲಿ ಮೂರು ಸಲ ಬರುತ್ತಾನೆ. ಫಿಲೆಮೋನನಿಗೆ ಬರೆದ ಪತ್ರದಲ್ಲಿ ಅವನು ಜೊತೆಕೆಲಸದವನು. ಕೊಲೊಸ್ಸೆಯವರ ಪತ್ರದಲ್ಲಿ ಲೂಕನ ಹೆಸರಿನ ಪಕ್ಕದಲ್ಲೇ ಅವನ ಹೆಸರು. ತಿಮೊಥೆಯನಿಗೆ ಬರೆದ ಎರಡನೇ ಪತ್ರದ ಹೊತ್ತಿಗೆ ಲೋಕದ ಆಸೆಗೆ ಬಿದ್ದು, ಪೌಲನನ್ನು ಬಿಟ್ಟು ಥೆಸಲೊನೀಕಕ್ಕೆ ಹೊರಟುಹೋಗಿದ್ದಾನೆ. ಶುರುವಿನ ದಿನದ ಸಾಕ್ಷಿ ಕೇಳಿದ್ದರೆ ದೇಮನೂ ಚೆನ್ನಾಗಿಯೇ ಹೇಳುತ್ತಿದ್ದ!

ಈಗ ಕಾಲೇಬನನ್ನು ನೋಡಿ. ದೇಶ ಸಂಚರಿಸಿ ನೋಡಲು ಹೋದಾಗ 40 ವರ್ಷ. ಬೆಟ್ಟದ ಸೀಮೆಯನ್ನು ನನಗೆ ಕೊಡು ಅಂತ ಯೆಹೋಶುವನ ಮುಂದೆ ನಿಂತಾಗ 85. ನಡುವೆ 45 ವರ್ಷ. ಅಷ್ಟರಲ್ಲಿ ಬಹುಪಾಲು ಅರಣ್ಯದ ಅಲೆದಾಟ, ಅದೂ ಬೇರೆಯವರ ಅಪನಂಬಿಕೆಯ ದೆಸೆಯಿಂದ. ನಂಬಿಗಸ್ತಿಕೆ ಅಂದ್ರೆ ಆ 45 ವರ್ಷ ಕಣ್ರಿ.

ದಾನಿಯೇಲನೂ ಅಷ್ಟೇ. ರಾಜಾಜ್ಞೆ ಬಂದ ದಿನ ಹೊಸ ಉಪವಾಸ ಕೂಟ ಇಡಲಿಲ್ಲ. ಹಿಂದಿನಿಂದ ಮಾಡುತ್ತಿದ್ದಂತೆ ದಿನಕ್ಕೆ ಮೂರು ಸಲ ಮೊಣಕಾಲೂರಿದ. ಸಿಂಹದ ಗವಿಗೆ ಬೇಕಾದ ಧೈರ್ಯ ಸಿಂಹಗಳಿಲ್ಲದ ದಿನಗಳಲ್ಲೇ ಕೂಡಿತ್ತು.

3/6
ನಮ್ಮ ಸೀಮೆಯಲ್ಲಿ ಎಷ್ಟೋ ಮನೆಗಳು ಮೆಥೋಡಿಸ್ಟ್ ಮನೆಗಳು. ಆ ಹೆಸರು ಎಲ್ಲಿಂದ ಬಂತು ಗೊತ್ತಾ? ಆಕ್ಸ್‌ಫರ್ಡ್‌ನಲ್ಲಿ ವೆಸ್ಲಿ ಸಹೋದರರ ಗುಂಪು ಪ್ರಾರ್ಥನೆ, ಓದು, ಉಪವಾಸ ಎಲ್ಲವನ್ನೂ ಕ್ರಮ ಹಾಕಿ ಮಾಡುತ್ತಿತ್ತು. ಅದನ್ನು ನೋಡಿ ನಕ್ಕವರು ಇಟ್ಟ ಹೆಸರು ಅದು.

1742ರಲ್ಲಿ ಬ್ರಿಸ್ಟಲ್‌ನಲ್ಲಿ ಕಟ್ಟಡದ ಸಾಲ ತೀರಿಸಲು ಒಂದು ಏರ್ಪಾಟು ಆಯ್ತು. ಹನ್ನೆರಡು ಜನರ ಗುಂಪು, ವಾರಕ್ಕೆ ತಲಾ ಒಂದು ಪೆನ್ನಿ, ವಸೂಲಿಗೆ ಒಬ್ಬ ನಾಯಕ. ಮನೆಮನೆಗೆ ಹೋದಾಗ ಯಾರು ಹೇಗೆ ಬದುಕುತ್ತಿದ್ದಾರೆ ಅನ್ನೋದು ತಿಳಿಯಿತು. ದುಡ್ಡಿನ ಲೆಕ್ಕ ಆತ್ಮದ ಲೆಕ್ಕ ಆಯ್ತು. "ಈ ವಾರ ನಿನ್ನ ಆತ್ಮ ಹೇಗಿದೆ?" ಅಂತ ಕೇಳುವ ಒಬ್ಬ ಮನುಷ್ಯ ಪ್ರತಿಯೊಬ್ಬರಿಗೂ ಇದ್ದ.

ನಮಗೆ ಯಾರಿದ್ದಾರೆ? ಮೂರು ದಿನದ ಕೂಟ ಇದೆ, ದೊಡ್ಡ ಪೆಂಡಾಲ್ ಇದೆ, ಹೊರಗಿನಿಂದ ಬಂದ ಬೋಧಕರು ಇದ್ದಾರೆ. ನಾಲ್ಕನೇ ದಿನ ನಿಮ್ಮ ಬಾಗಿಲು ಬಡಿಯೋರು ಯಾರು? ಹೈದರಾಬಾದ್‌ಗೆ ಕೆಲಸಕ್ಕೆ ಹೋದ ಹುಡುಗ ಆರು ತಿಂಗಳಿಂದ ಸಭೆಗೆ ಹೋಗಿಲ್ಲ ಅಂತ ಯಾರಿಗೆ ಗೊತ್ತು?

4/6
"ಹಂಗಾರ ಕೂಟ, ಜಾತ್ರೆ ಎಲ್ಲಾ ತಪ್ಪೇನ್ರಿ?" ಅಂತೀರಿ. ತಪ್ಪಲ್ಲ. ನಮ್ಮ ಪಕ್ಕದ ವಿಕಾರಾಬಾದ್ ಕಡೆಯ ಧಾರೂರು ಜಾತ್ರೆ 1923ರಿಂದ ನಡೆದುಬಂದಿದೆ. ಹೋಗಿ, ಹಾಡಿ, ಬನ್ನಿ. ಆದರೆ ಹಬ್ಬದೂಟ ಒಂದು ದಿನದ್ದು. ಉಳಿದ ದಿನ ಹೊಟ್ಟೆ ತುಂಬಿಸೋದು ಮನೆಯ ಜ್ವಾಳದ ರೊಟ್ಟಿನೇ.

"ರಕ್ಷಣೆ ಕೃಪೆಯಿಂದ, ಇದೆಲ್ಲ ಯಾಕೆ?" ಅಂತೀರಿ. ಹೌದು, ಕೃಪೆಯಿಂದಲೇ. ಪೇತ್ರ ಒಂದೇ ರಾತ್ರಿ ಮೂರು ಸಲ ಕರ್ತನನ್ನು ಅರಿಯೆನೆಂದ. ಅದೇ ಪೇತ್ರನನ್ನು ಕರ್ತನು ಸಮುದ್ರದ ದಡದಲ್ಲಿ ಮೂರು ಸಲ ಕೇಳಿ, ಕುರಿಗಳನ್ನು ಮೇಯಿಸಲು ಒಪ್ಪಿಸಿದ. ಬೀಳದಿರೋದೇ ನಂಬಿಗಸ್ತಿಕೆ ಅಲ್ಲ. ಬಿದ್ದವನು ತಿರುಗಿ ಬರೋದೂ ಅದೇ. ಕೃಪೆ ನಮ್ಮನ್ನು ನಡೆಸುತ್ತದೆ. ಕೂತಲ್ಲೇ ಕೂರಲು ಅದು ಪರವಾನಗಿ ಅಲ್ಲ.

5/6
ಈಗ ಬೋಧಕರಿಗೆ ಒಂದು ಮಾತು. "ನಂಬಿಗಸ್ತರಾಗಿರಿ" ಅಂತ ಕೂಗುವ ಮೊದಲು ಇಲ್ಲಿ ಅದರ ಬೆಲೆ ತಿಳಿದುಕೊಳ್ಳಿ. ನಮ್ಮ ಸಭೆಗಳ ಹಿರಿಯರಲ್ಲಿ ಬಹಳ ಮಂದಿ ದಲಿತ ಕೇರಿಗಳಿಂದ ಬಂದವರು. 1950ರ ಪರಿಶಿಷ್ಟ ಜಾತಿ ಆದೇಶಕ್ಕೆ 1956ರಲ್ಲಿ ಸಿಖ್ಖರು ಸೇರಿದರು, 1990ರಲ್ಲಿ ಬೌದ್ಧರು ಸೇರಿದರು. ಕ್ರೈಸ್ತರು ಇನ್ನೂ ಹೊರಗೇ. ಕೇರಿ ಅದೇ, ಅವಮಾನ ಅದೇ, ಕಾಗದ ಮಾತ್ರ ಬೇರೆ. ಮಗಳ ಸೀಟು ಒಂದು ಕೈಯಲ್ಲಿ, ದೀಕ್ಷಾಸ್ನಾನದ ಹೆಸರು ಇನ್ನೊಂದು ಕೈಯಲ್ಲಿ ಹಿಡಿದು ತಹಸೀಲ್ ಕಚೇರಿ ಮುಂದೆ ನಿಂತ ತಾಯಿಗೆ ನೀವು ವೇದಿಕೆಯಿಂದ "ಅಲ್ಪವಿಶ್ವಾಸಿ" ಅನ್ನಬೇಡಿ. ಸುಳ್ಳು ಹೇಳು ಅಂತಲೂ ಅನ್ನಬೇಡಿ. ಪಕ್ಕದಲ್ಲಿ ನಿಲ್ಲಿ. ಆ ಮಗುವಿನ ಫೀಸಿಗೆ ಸಭೆಯ ಕಾಣಿಕೆಯಲ್ಲಿ ಪಾಲು ಇಡಿ. ಅನ್ಯಾಯವನ್ನು ಅನ್ಯಾಯ ಅಂತ ಹೇಳಿ. ಹೊರೆಯನ್ನು ಒಬ್ಬಳ ತಲೆ ಮೇಲೆ ಬಿಟ್ಟು ಅವಳ ನಂಬಿಗಸ್ತಿಕೆ ಅಳೆಯೋ ಸಭೆ ಮೊದಲು ತನ್ನದನ್ನು ಅಳೆದುಕೊಳ್ಳಲಿ.

6/6
ಹಂಗಾರ ಏನು ಮಾಡೋಣ? ದೊಡ್ಡದೇನಿಲ್ಲ.

ಈ ಭಾನುವಾರ ಮೈಕನ್ನು ಹಿಂದಿನ ಸಾಲಿನ ಅಜ್ಜಿಗೆ ಕೊಡಿ. ಗಂಡ ಸತ್ತ ವರ್ಷ, ಮಳೆ ಕೈಕೊಟ್ಟ ವರ್ಷ, ಪ್ರಾರ್ಥನೆಗೆ ಉತ್ತರ ಬಾರದ ವರ್ಷ ಹೇಗೆ ನಿಂತೆ ಅಂತ ಕೇಳಿ.

ಹತ್ತು ಹನ್ನೆರಡು ಜನ ಸೇರಿ. ವಾರಕ್ಕೊಮ್ಮೆ, ಒಬ್ಬರ ಮನೆಯಲ್ಲಿ, ಚಹಾ ಕುಡಿದು, ಆ ಹಳೇ ಪ್ರಶ್ನೆ ಕೇಳಿ. ಊರು ಬಿಟ್ಟು ಹೋದವರಿಗೆ ಫೋನ್ ಹಚ್ಚಿ.

ಕೆಳಗೆ "ಆಮೆನ್" ಟೈಪ್ ಮಾಡಬೇಡಿ. ಬಹಳ ದಿನದಿಂದ ಸಭೆಯಲ್ಲಿ ಕಾಣದ ಒಬ್ಬರ ಹೆಸರು ನಿಮಗೆ ಈಗ ನೆನಪಾಗಿದೆ ಅಲ್ವಾ? ಆ್ಯಪ್ ಮುಚ್ಚಿ, ಅವರ ಮನೆಗೆ ಹೋಗಿ ಬನ್ನಿ.

#ನಂಬಿಗಸ್ತಿಕೆ #ಬೀದರ್ #ಭಾಲ್ಕಿ #ಔರಾದ್ #ನಾಲ್ಕನೇದಿನ