ಆಣೆ ಮಾಡಿಸಬೇಡಿ, ಜೊತೆಗೆ ಕೂತುಕೊಳ್ಳಿ

ಮಗಳು ತನ್ನ ಮೈಗೆ ತಾನೇ ನೋವು ಮಾಡಿಕೊಳ್ಳುತ್ತಿದ್ದಾಳೆ ಎಂದು ಗೊತ್ತಾದ ದಿನ ನಮ್ಮ ಮನೆಗಳಲ್ಲಿ ಏನು ನಡೆಯುತ್ತದೆ? ಮೊದಲು ಬೈಗುಳ, ಆಮೇಲೆ ಅಳು. ಕೊನೆಗೆ ಅಮ್ಮ ಮಗಳ ಕೈಯನ್ನು ತನ್ನ ತಲೆ ಮೇಲೆ ಇಟ್ಟುಕೊಂಡು, “ಇನ್ನೊಂದು ಸಲ ಹಿಂಗೆ ಮಾಡಲ್ಲ ಅಂತ ನನ್ನಾಣೆ ಮಾಡು” ಅನ್ನುತ್ತಾಳೆ. ಮಗಳು ಆಣೆ ಮಾಡುತ್ತಾಳೆ. ವಿಷಯ ಅಲ್ಲಿಗೆ ಮುಗಿಯಿತು ಎಂದು ಮನೆಯವರು ಉಸಿರು ಬಿಡುತ್ತಾರೆ.

ಮುಗಿದಿರುವುದಿಲ್ಲ. ಬಿಡಬೇಕು ಎಂದು ಗಟ್ಟಿ ಮನಸ್ಸು ಮಾಡಿದವರಿಗೂ ಆ ಸೆಳೆತ ಮತ್ತೆ ಬರುತ್ತದೆ. ಒಂದು ಬೈಗುಳ, ಒಂದು ಅವಮಾನ, ನಿದ್ದೆಯಿಲ್ಲದ ಒಂದು ರಾತ್ರಿ ಸಾಕು. ಆಗ ಆಣೆ ಮಾಡಿದ ಹುಡುಗಿ ಏನು ಮಾಡಬೇಕು? ಅಮ್ಮನಿಗೆ ಹೇಳುವಂತಿಲ್ಲ, ಹೇಳಿದರೆ ಮಾತಿಗೆ ತಪ್ಪಿದ ಹಾಗೆ. ಒಮ್ಮೆ ಸೋತರಂತೂ ಅಮ್ಮನಿಗೇ ಏನಾದರೂ ಆಗಿಬಿಡುತ್ತದೆ ಎಂಬ ಹೆದರಿಕೆ. ನೋವಿನ ಮೇಲೆ ಪಾಪದ ಭಾರ. ಮುಂದಿನ ಸಲ ಅವಳು ಇನ್ನಷ್ಟು ಮುಚ್ಚಿಡುತ್ತಾಳೆ. ಅದಕ್ಕೇ ನಾವು ಹೇಳುವುದು: ಆಣೆ ಸೆಳೆತವನ್ನು ನಿಲ್ಲಿಸುವುದಿಲ್ಲ, ಬಾಯಿಯನ್ನು ಮಾತ್ರ ಮುಚ್ಚಿಸುತ್ತದೆ.

“ನಮ್ಮೂರಲ್ಲಿ ದೇವರ ಮುಂದೆ ಆಣೆ ಮಾಡಿ ಕುಡಿತ ಬಿಟ್ಟವರಿದ್ದಾರಲ್ಲ” ಎಂದು ಕೇಳುವವರಿದ್ದಾರೆ. ಇರಬಹುದು. ಆದರೆ ಆಣೆ ಮುರಿದು ಕದ್ದು ಕುಡಿಯುವವರನ್ನೂ ನಾವೆಲ್ಲ ನೋಡಿದ್ದೇವೆ. ಗುಡಿಗೆ ಹೋದರೆ ಮಗುವಿನ ಮನಸ್ಸು ಹಗುರಾಗುತ್ತದೆ ಎಂದರೆ ಖಂಡಿತ ಕರೆದುಕೊಂಡು ಹೋಗಿ. ಆದರೆ ಅಲ್ಲಿ ಮಾತು ತೆಗೆದುಕೊಳ್ಳಬೇಡಿ.

ಮೈಗೆ ನೋವು ಮಾಡಿಕೊಳ್ಳುವವರೆಲ್ಲ ಸಾಯಲು ಹೊರಟವರಲ್ಲ. ತಡೆಯಲಾಗದ ಸಂಕಟ, ಸಿಟ್ಟು, ಒಳಗಿನ ಖಾಲಿತನ ಆ ಕ್ಷಣಕ್ಕೆ ಸ್ವಲ್ಪ ತಗ್ಗಲಿ ಎಂದು ಹಾಗೆ ಮಾಡಿಕೊಳ್ಳುವವರೇ ಬಹಳ. ಹಾಗೆಂದು ಅದನ್ನು ಹಗುರವಾಗಿ ನೋಡುವಂತಿಲ್ಲ. “ನಾಟಕ” ಅನ್ನುವ ಮಾತಂತೂ ಬೇಡವೇ ಬೇಡ.

ಮಳೆಗಾಲದಲ್ಲಿ ಹಳ್ಳ ಬಂದಾಗ ನಾವು ಏನು ಮಾಡುತ್ತೇವೆ? ನೀರಿನ ಜೊತೆ ಜಗಳಕ್ಕೆ ಇಳಿಯುವುದಿಲ್ಲ. ದಡದಲ್ಲಿ ಕಾಯುತ್ತೇವೆ. ಏರಿದ ನೀರು ಇಳಿಯುತ್ತದೆ ಎಂದು ನಮಗೆ ಗೊತ್ತು. ಸೆಳೆತವೂ ಹಾಗೇ. ಏರುತ್ತದೆ, ಜೋರಾಗುತ್ತದೆ, ಆಮೇಲೆ ಇಳಿಯುತ್ತದೆ. ಇಳಿಯುವ ತನಕ ದಡದಲ್ಲಿ ಇರಬೇಕು, ಅಷ್ಟೇ. ಕುಡಿತ, ಸಿಗರೇಟು ಬಿಡುವವರ ಜೊತೆ ಕೆಲಸ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಾಟ್ ಸೆಳೆತವನ್ನು ಸಮುದ್ರದ ಅಲೆಗೆ ಹೋಲಿಸಿ ಇದನ್ನೇ ಕಲಿಸಿದರು. ಮೈಗೆ ನೋವು ಮಾಡಿಕೊಳ್ಳುವವರಿಗೆಂದೇ ಒಂದು ಚಿಕಿತ್ಸಾ ಕ್ರಮ ರೂಪಿಸಿದ ಮಾರ್ಷಾ ಲಿನೆಹಾನ್, ತಾವೂ ಹದಿಹರೆಯದಲ್ಲಿ ಇದೇ ಕಷ್ಟದಲ್ಲಿದ್ದುದನ್ನು 2011ರಲ್ಲಿ ಎಲ್ಲರೆದುರು ಹೇಳಿಕೊಂಡರು. ಇದರಿಂದ ಹೊರಬಂದು ಬಾಳಿದವರಿದ್ದಾರೆ ಎನ್ನುವುದಕ್ಕೆ ಅವರೇ ಸಾಕ್ಷಿ.

ಮನೆಯವರಿಗೆ ನಮ್ಮ ಮಾತು ಇಷ್ಟು. “ಯಾಕೆ ಹಿಂಗೆ ಮಾಡ್ಕೊಂಡೆ?” ಎಂದು ಕೇಳುವ ಬದಲು “ಈಗ ಹಂಗನ್ನಿಸ್ತಿದೆಯಾ? ಹತ್ತರಲ್ಲಿ ಎಷ್ಟು ಜೋರಿದೆ?” ಎಂದು ಕೇಳಿ. ಎಂಟು ಅಂದರೆ ಎದ್ದು ಹೋಗಬೇಡಿ, ಜೊತೆಗೆ ಕೂತುಕೊಳ್ಳಿ. ಉಪದೇಶ ಬೇಡ. ಅವರೆಕಾಯಿ ಸುಲಿಯುವುದಿದ್ದರೆ ಇಬ್ಬರೂ ಸುಲಿಯಿರಿ. ಹಿತ್ತಲಿನ ತನಕ ನಡೆದು ಬನ್ನಿ. ಗಾಯ ಆಗಿದ್ದರೆ ಬೈಯದೆ ತೊಳೆದು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅಪಾಯ ಆಗುವಂಥ ಸಾಮಾನು ಮಗುವಿನ ಕೈಗೆ ಸಿಗದ ಹಾಗೆ ಇಡಿ. ಹೊಲಕ್ಕೆ ಹೊಡೆಯುವ ಔಷಧಿ ಮನೆಯೊಳಗೆ ಬೇಡ. ಅದನ್ನು ಬೇರೆ ಕಡೆ ಬೀಗ ಹಾಕಿಡಿ, ಬೀಗದ ಕೈ ದೊಡ್ಡವರ ಹತ್ತಿರವೇ ಇರಲಿ.

ಇದನ್ನು ಓದುತ್ತಿರುವ ನಿಮಗೇ ಆ ಸೆಳೆತ ಇದ್ದರೆ, ಒಂದು ಮಾತು. ಜೀವಮಾನಪೂರ್ತಿ ಮಾಡುವುದಿಲ್ಲ ಎಂದು ಇವತ್ತೇ ಯಾರಿಗೂ ಮಾತು ಕೊಡಬೇಕಿಲ್ಲ. ಕಾಲು ಗಂಟೆ ಮುಂದೂಡಿ. ಒಬ್ಬರೇ ಇದ್ದರೆ ಆ ಜಾಗ ಬಿಟ್ಟು ಜನ ಇರುವ ಕಡೆ ಹೋಗಿ, ಜಗಲಿಗೋ ಪಕ್ಕದ ಮನೆಗೋ. ತಣ್ಣೀರಿನಿಂದ ಮುಖ ತೊಳೆಯಿರಿ. ನೀರು ಸೇದಿ, ಬಟ್ಟೆ ಒಗೆಯಿರಿ, ಬೆವರು ಬರುವ ಹಾಗೆ ನಡೆಯಿರಿ. ಕಾಲು ಗಂಟೆ ಆದ ಮೇಲೂ ಜೋರಿದ್ದರೆ ಇನ್ನೊಂದು ಕಾಲು ಗಂಟೆ. ನಂಬಿಕೆಯಿರುವ ಒಬ್ಬರ ಜೊತೆ ಮೊದಲೇ ಒಂದು ಗುರುತಿನ ಮಾತು ಮಾಡಿಕೊಂಡಿರಿ. “ಹಳ್ಳ ಬಂದಿದೆ” ಎಂದು ಮೆಸೇಜು ಹಾಕಿದರೆ ಅವರಿಗೆ ಅರ್ಥವಾಗಬೇಕು. ಸಂಕಟದಲ್ಲಿದ್ದಾಗ ಉದ್ದಕ್ಕೆ ವಿವರಿಸಲು ಆಗುವುದಿಲ್ಲ.

ಒಂದು ದಿನ ಸೋತರೆ? ಅದುವರೆಗೆ ದಾಟಿದ ದಿನಗಳು ಸುಳ್ಳಾಗುವುದಿಲ್ಲ. ಅವತ್ತು ಏನು ನಡೆದಿತ್ತು, ಯಾವ ಹೊತ್ತು, ಯಾರ ಮಾತು ಚುಚ್ಚಿತು ಎಂದು ನೋಡಿ. ಮುಂದಿನ ಸಲ ದಡಕ್ಕೆ ಬೇಗ ಬರಲು ಅದು ಸಹಾಯ ಮಾಡುತ್ತದೆ.

ಮನೆಯವರಿಂದಲೇ ಎಲ್ಲ ಆಗುವುದಿಲ್ಲ, ಚಿಕಿತ್ಸೆಯೂ ಬೇಕು. 14416ಕ್ಕೆ ಫೋನ್ ಮಾಡಿ. ಇದು 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಹಳ್ಳಿಯವರಿಗೆ ಹತ್ತಿರದಲ್ಲೇ ಮಾನಸಿಕ ಚಿಕಿತ್ಸೆ ಸಿಗುವಂತೆ ಮಾಡಬಹುದು ಎಂದು ನಿಮ್ಹಾನ್ಸ್ 1980ರ ದಶಕದಲ್ಲಿ ತೋರಿಸಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ. ಅದನ್ನೇ ಮಾದರಿ ಮಾಡಿಕೊಂಡು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಮನೋವೈದ್ಯರು ಯಾವ ದಿನ ಬರುತ್ತಾರೆ ಎಂದು ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಕೇಳಿ, ಇಲ್ಲವೇ ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ. ಯಾರೂ ಬರುತ್ತಿಲ್ಲವಾದರೆ ಗ್ರಾಮಸಭೆಯಲ್ಲಿ ಆ ಪ್ರಶ್ನೆ ಎತ್ತಿ. ರಸ್ತೆ, ಚರಂಡಿ ಕೇಳುವ ಹಾಗೇ ಇದನ್ನೂ ಕೇಳಬಹುದು.

“ಆಸ್ಪತ್ರೆಗೆ ಹೋದರೆ ಪೊಲೀಸ್ ಕೇಸ್ ಆಗುತ್ತದೆ” ಎಂಬ ಹೆದರಿಕೆ ನಮ್ಮೂರುಗಳಲ್ಲಿ ಇನ್ನೂ ಇದೆ. ಆತ್ಮಹತ್ಯೆಗೆ ಯತ್ನಿಸಿದವರನ್ನೂ ತೀವ್ರ ಒತ್ತಡದಲ್ಲಿದ್ದವರೆಂದೇ ನೋಡಬೇಕು, ಅದಕ್ಕಾಗಿ ಶಿಕ್ಷಿಸಬಾರದು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಹೇಳುತ್ತದೆ. ಅವರಿಗೆ ಆರೈಕೆ ಕೊಡುವುದು ಸರ್ಕಾರದ ಹೊಣೆ. ಸಾಯುವ ಮಾತು ಬಂದರೆ, ಗಾಯ ದೊಡ್ಡದಿದ್ದರೆ ಕಾಯಬೇಡಿ. ತಕ್ಷಣ 108ಕ್ಕೆ ಫೋನ್ ಮಾಡಿ, ಆ ಮಗುವನ್ನು ಒಂಟಿಯಾಗಿ ಬಿಡಬೇಡಿ.

ಹಳ್ಳ ತುಂಬಿ ಬಂದ ದಿನ ಹಿರಿಯರು ಮಕ್ಕಳಿಂದ ಆಣೆ ಮಾಡಿಸಿಕೊಂಡು ಮನೆಗೆ ಹೋಗುವುದಿಲ್ಲ. ಕೈ ಹಿಡಿದುಕೊಂಡು ದಡದಲ್ಲಿ ನಿಲ್ಲುತ್ತಾರೆ. ನಮ್ಮ ಮಕ್ಕಳಿಗೆ ಬೇಕಾಗಿರುವುದೂ ಅಷ್ಟೇ.